ಮಗಳಿಗೆ ಲೆಕ್ಕ ಹೇಳಿಕೊಡುವಾಗ ನನ್ನ ಬಾಯಲ್ಲಿ ಅಪ್ಪನ ದನಿ. ಇದು ರಕ್ತದಲ್ಲಿ ಬಂದದ್ದೋ, ರೂಢಿಯಲ್ಲೋ?

ಪೆನ್ಸಿಲ್‌ಮೊನೆ

ಮೊನ್ನೆ ರಾತ್ರಿ ಎರಡನೇ ತರಗತಿಯ ಮಗಳಿಗೆ ಕಳೆಯುವ ಲೆಕ್ಕ ಹೇಳಿಕೊಡ್ತಾ ಕೂತಿದ್ದೆ. 52ರಲ್ಲಿ 27 ಹೋದರೆ ಎಷ್ಟು? ಅವಳು 35 ಅಂತ ಬರೆದಳು. ಬಿಡಿಸಿ ಹೇಳಿದೆ. ಮತ್ತೆ 35. ಇನ್ನೊಂದು ಸಲ ಹೇಳಿದೆ, ಆಗಲೂ 35. ನಾಲ್ಕನೇ ಸಲಕ್ಕೆ ನನ್ನ ಬಾಯಿಂದ ಬಂತು: "ತಲೇಲಿ ಏನು ತುಂಬಿಕೊಂಡಿದ್ದೀಯ?"

ಆ ಮಾತು ನನ್ನದಲ್ಲ. ಅದೇ ಪದ, ಅದೇ ಏರುದನಿ, ಪೆನ್ಸಿಲನ್ನು ಮೇಜಿಗೆ ಕುಟ್ಟುವ ಅದೇ ಕೈ. ಮೂವತ್ತು ವರ್ಷದ ಹಿಂದೆ ನಮ್ಮಪ್ಪ ನನ್ನ ಎದುರು ಕೂತು ಹೀಗೇ ಕುಟ್ಟುತ್ತಿದ್ದರು. ಅಜ್ಜ ಅಪ್ಪನಿಗೂ ಹೀಗೇ ಮಾಡುತ್ತಿದ್ದರಂತೆ, ಅಜ್ಜಿ ಹೇಳ್ತಿದ್ದಳು. ಮೂರು ತಲೆಮಾರು, ಒಂದೇ ಪೆನ್ಸಿಲ್ಲು ಅಂದುಕೊಳ್ಳಿ.

ಮಗಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಒಳ್ಳೇದಿತ್ತು. ಸುಮ್ಮನೆ ರಬ್ಬರ್ ತಗೊಂಡು ಪುಟ ಪೂರ್ತಿ ಅಳಿಸಿದಳು, ಮೇಲೆ ಸರಿಯಾಗೇ ಇದ್ದ ಎರಡು ಲೆಕ್ಕಗಳನ್ನೂ ಸೇರಿಸಿ.

ನನಗೆ ಇವತ್ತಿಗೂ ಲೆಕ್ಕ ಅಂದರೆ ಕೈ ಬೆವರುತ್ತೆ. ನಾಲ್ಕು ಜನರ ಎದುರು ಒಂದು ಮೊತ್ತ ಕೂಡಿಸು ಅಂದರೆ ತಲೆ ಖಾಲಿ. ಕಣ್ಣಿನ ಬಣ್ಣ ಅಪ್ಪನಿಂದ ಬಂತು ಅಂದರೆ ಒಪ್ಪಿಕೊಳ್ತೀನಿ. ಈ ಬೆವರು ಎಲ್ಲಿಂದ ಬಂತು? ನಾವು ಬೆಳೆಸುವ ರೀತಿ ಮಕ್ಕಳ ಬುದ್ಧಿಯನ್ನ ನಿಜಕ್ಕೂ ಬದಲಾಯಿಸುತ್ತಾ, ಅದು ಅವರ ಮಕ್ಕಳವರೆಗೂ ಹೋಗುತ್ತಾ? ಓದಿ ತಿಳಿದುಕೊಂಡವರು ದಯವಿಟ್ಟು ಹೇಳಿ. ಸಮಾಧಾನ ಬೇಡ, ಅದನ್ನ ಮನೇಲಿ ಹೆಂಡತಿ ಮಾಡಿದ್ದಾಳೆ.

ಎರಡುಜಡೆ

ಸರಿ ಇದ್ದದ್ದನ್ನೂ ಅಳಿಸಿದಳು ಅಂತ ಓದಿ ಹೊಟ್ಟೆ ಚುರ್ ಅಂತು. ನಾನೂ ಹಾಗೆ ಅಳಿಸಿದವಳೇ.

ನೀವು ಕೇಳಿದ್ದಕ್ಕೆ ತುಂಬಾ ಹತ್ತಿರದ ಅಧ್ಯಯನ ಒಂದಿದೆ. 2015ರಲ್ಲಿ ಪ್ರಕಟವಾದದ್ದು, ಅಮೆರಿಕದ್ದು. ಒಂದು, ಎರಡನೇ ತರಗತಿಯ ಮಕ್ಕಳನ್ನು ಒಂದು ಶಾಲಾವರ್ಷ ಗಮನಿಸಿದರು. ಲೆಕ್ಕದ ಭಯ ಇರುವ ಅಪ್ಪ ಅಮ್ಮಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಲೆಕ್ಕ ಕಲಿತಿದ್ದರು, ಭಯವನ್ನೂ ಜಾಸ್ತಿ ಅಂಟಿಸಿಕೊಂಡಿದ್ದರು. ಇಷ್ಟೇ ಆಗಿದ್ದರೆ "ಜೀನು ಸ್ವಾಮಿ" ಅಂದುಬಿಡಬಹುದಿತ್ತು. ಆದರೆ ಹೀಗಾದದ್ದು ಹೋಮ್‌ವರ್ಕಿಗೆ ಆಗಾಗ ಪಕ್ಕದಲ್ಲಿ ಕೂರುತ್ತಿದ್ದ ಭಯಸ್ಥರ ಮಕ್ಕಳಿಗೆ ಮಾತ್ರ. ಅಷ್ಟೇ ಭಯ ಇದ್ದೂ ಹೋಮ್‌ವರ್ಕಿನ ತಂಟೆಗೆ ಹೆಚ್ಚು ಹೋಗದವರ ಮಕ್ಕಳಲ್ಲಿ ಆ ನಂಟು ಕಾಣಲಿಲ್ಲ. ಓದುವುದನ್ನ ಕಲಿಯುವುದರಲ್ಲಿ ಇಂಥ ನಂಟು ಕಾಣಲಿಲ್ಲ.

ಅಂದರೆ ಭಯ ದಾಟುವುದು ಆ ಮೇಜಿನ ಮೇಲೆ, ಆ ಅರ್ಧ ಗಂಟೆಯಲ್ಲಿ. ತಲೆ ಖಾಲಿ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಲೆಕ್ಕ ಮಾಡುವಾಗ ಅಂಕಿಗಳನ್ನ ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ತೀರಾ ಚಿಕ್ಕದು, ವರ್ಕಿಂಗ್ ಮೆಮೊರಿ ಅಂತಾರೆ. ಭಯ ಬಂದು ಆ ಜಾಗದಲ್ಲೇ ಕಾಲು ಚಾಚಿ ಕೂರುತ್ತೆ. ಬುದ್ಧಿ ಎಲ್ಲೂ ಹೋಗಿರಲ್ಲ, ಅದಕ್ಕೆ ಕೂರೋಕೆ ಜಾಗ ಇರಲ್ಲ ಅಷ್ಟೇ.

ನಡುಮಗ

ಹಾಗಾದರೆ ಸಹಾಯ ಮಾಡದೇ ಇರೋದೇ ದೊಡ್ಡ ಸಹಾಯ. ನಮ್ಮಪ್ಪ ಈ ವಿಷಯದಲ್ಲಿ ಮಹಾಜ್ಞಾನಿ.

ಮರಳುಗಡಿಯಾರ

ಎರಡುಜಡೆ ಮೇಡಂ ಹೇಳಿದ್ದನ್ನ ಅಲ್ಲಗಳೆಯಲ್ಲ. ಆದರೂ ಅಪ್ಪ ಅಮ್ಮಂದಿರಿಗೆ ತಮ್ಮ ಬಗ್ಗೆ ಸ್ವಲ್ಪ ಜಾಸ್ತಿಯೇ ಅಭಿಪ್ರಾಯ ಇರುತ್ತೆ. ಮಗು ಜಾಣನಾದರೆ ನಮ್ಮಿಂದ, ಹಿಂದುಳಿದರೂ ನಮ್ಮಿಂದ!

ಅವಳಿಗಳ ಮೇಲೆ, ದತ್ತು ಮಕ್ಕಳ ಮೇಲೆ ದಶಕಗಟ್ಟಲೆ ನಡೆದ ಅಧ್ಯಯನಗಳು ಒಂದು ವಿಚಿತ್ರ ಮಾತು ಹೇಳುತ್ತವೆ. ಚಿಕ್ಕಂದಿನಲ್ಲಿ ಐಕ್ಯೂ ಪರೀಕ್ಷೆಯ ಅಂಕಗಳಲ್ಲಿ ಮಕ್ಕಳ ನಡುವೆ ಇರುವ ವ್ಯತ್ಯಾಸದಲ್ಲಿ ಮನೆಯ ಪಾಲು ಎದ್ದು ಕಾಣುತ್ತೆ. ವಯಸ್ಸಾಗುತ್ತಾ ಬಂದ ಹಾಗೆ ಅದು ಕರಗುತ್ತೆ, ಜೀನಿನ ಪಾಲು ಏರುತ್ತೆ. ನಾವು ಅಂದುಕೊಳ್ಳುವುದು ಇದರ ತದ್ವಿರುದ್ಧ, ಅಲ್ಲವಾ? ಬೆಳೀತಾ ಬೆಳೀತಾ ಅನುಭವದ ಗುರುತು ಹೆಚ್ಚಬೇಕು ಅಂತ. ಹಾಗಾಗಲ್ಲ. ದೊಡ್ಡವರಾದ ಮೇಲೆ ಪುಸ್ತಕ, ಗೆಳೆಯರು, ಕೆಲಸ ಎಲ್ಲವನ್ನೂ ತಮ್ಮ ಸ್ವಭಾವಕ್ಕೆ ಹೊಂದುವ ಹಾಗೆ ತಾವೇ ಆರಿಸಿಕೊಳ್ಳುತ್ತಾರೆ. 1990ರ ದಶಕದಲ್ಲಿ ಜುಡಿತ್ ರಿಚ್ ಹ್ಯಾರಿಸ್ ಇನ್ನೂ ಮುಂದೆ ಹೋಗಿ, ಮಕ್ಕಳನ್ನು ರೂಪಿಸುವುದು ಓರಗೆಯವರೇ ಹೊರತು ಅಪ್ಪ ಅಮ್ಮ ಅಲ್ಲ ಅಂತ ವಾದಿಸಿ ದೊಡ್ಡ ಜಗಳವನ್ನೇ ಎಬ್ಬಿಸಿದರು. ನಾನು ಅಷ್ಟು ದೂರ ಹೋಗಲ್ಲ.

ಪೆನ್ಸಿಲ್‌ಮೊನೆ ಅವರೇ, ನಿಮ್ಮ ಮಗಳಿಗೆ ನೀವು ಬೈಗುಳ ಒಂದನ್ನೇ ಕೊಟ್ಟಿಲ್ಲ, ನಿಮ್ಮ ಅರ್ಧ ಜೀನನ್ನೂ ಕೊಟ್ಟಿದ್ದೀರಿ. ಎರಡನ್ನೂ ಒಬ್ಬರೇ ಕೊಟ್ಟಾಗ ಯಾವುದು ಏನು ಮಾಡ್ತು ಅಂತ ಹೊರಗೆ ನಿಂತು ಹೇಳೋದು ಕಷ್ಟ. ನಾನು ಹೇಳಬೇಕಾದದ್ದು ಇಷ್ಟೇ.

ಬಿಳಿಇಲಿ

ಆ ಎರಡನ್ನೂ ಬೇರೆ ಮಾಡಿ ನೋಡಿದ್ದಾರೆ ಸರ್. ಮನುಷ್ಯರಲ್ಲಿ ಅಲ್ಲ, ಇಲಿಗಳಲ್ಲಿ. (ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಗಿರಬೇಕು. ಆರು ವರ್ಷ ಪ್ರಯೋಗಾಲಯದಲ್ಲಿ ಅವುಗಳ ಜೊತೆ ಇದ್ದೆ.)

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ತಂಡದ ಕೆಲಸ ಇದು. ತಾಯಿ ಇಲಿಗಳಲ್ಲಿ ಕೆಲವು ಮರಿಗಳನ್ನ ಸದಾ ನೆಕ್ಕುತ್ತಾ ಇರುತ್ತವೆ, ಕೆಲವು ಅಷ್ಟಕ್ಕಷ್ಟೇ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಹೆದರಿಕೆಯಿಂದ ಬೇಗ ಚೇತರಿಸಿಕೊಳ್ಳುತ್ತಿದ್ದವು, ದಾರಿ ನೆನಪಿಟ್ಟುಕೊಳ್ಳುವ ಪರೀಕ್ಷೆಗಳಲ್ಲಿ ಮುಂದಿದ್ದವು. ಮಿದುಳಿನಲ್ಲಿ ನೆನಪಿನ ಕೆಲಸ ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಡಿಗಳೂ ಹೆಚ್ಚಿದ್ದವು. ಜೀನ್ ಇರಬಹುದಲ್ಲ? ಅದಕ್ಕೇ ಮರಿಗಳನ್ನ ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿದ ಮರಿ, ಹೆಚ್ಚು ನೆಕ್ಕುವ ತಾಯಿಯ ಮಡಿಲಿಗೆ. 1999ರಲ್ಲಿ ಪ್ರಕಟವಾದ ಫಲಿತಾಂಶ: ಮರಿ ಬೆಳೆದದ್ದು ಸಾಕುತಾಯಿಯ ಹಾಗೆ. ಹೆಣ್ಣು ಮರಿಗಳಾದರೆ ತಾವು ತಾಯಿಯಾದಾಗ ತಮ್ಮ ಮರಿಗಳನ್ನೂ ಸಾಕುತಾಯಿಯ ಹಾಗೇ ನೆಕ್ಕಿದವು. ನಿಮ್ಮ ಮೂರು ತಲೆಮಾರಿನ ಪೆನ್ಸಿಲ್ ಅಂದಿರಲ್ಲ, ಇದು ಅದರ ಒಳ್ಳೆಯ ಮುಖ.

2004ರಲ್ಲಿ ಇದರ ಒಳಗಿನ ಯಂತ್ರವನ್ನೂ ತೋರಿಸಿದರು. ಒತ್ತಡದ ಹಾರ್ಮೋನಿಗೆ "ಸಾಕು, ನಿಲ್ಲು" ಅನ್ನುವ ಗ್ರಾಹಕವೊಂದಿದೆ. ಅದನ್ನು ತಯಾರಿಸುವ ಜೀನಿನ ಮೇಲೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತುಗಳು ಅಂಟಿಕೊಂಡರೆ ಅದರ ಕೆಲಸ ಕುಗ್ಗುತ್ತೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳಲ್ಲಿ ಆ ಗುರುತು ಕಡಿಮೆ. ಡಿಎನ್‌ಎ ಅಕ್ಷರ ಒಂದೂ ಬದಲಾಗಿಲ್ಲ, ಓದುವ ರೀತಿ ಬದಲಾಗಿದೆ.

ಇದನ್ನ ಹಿಡಿದುಕೊಂಡು "ಅಜ್ಜನ ನೋವು ಮೊಮ್ಮಗಳ ಡಿಎನ್‌ಎಯಲ್ಲಿದೆ" ಅಂತ ವಿಡಿಯೊ ಮಾಡುವವರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಇಲಿಗಳಲ್ಲೂ ಆ ಗುರುತು ವೀರ್ಯದಲ್ಲೋ ಅಂಡಾಣುವಿನಲ್ಲೋ ದಾಟಿದ್ದಲ್ಲ. ಪ್ರತಿ ತಲೆಮಾರಿನಲ್ಲೂ ತಾಯಿ ಹೊಸದಾಗಿ ನೆಕ್ಕಿ ಅದನ್ನ ಬರೆದಳು. ಯಾವ ತಲೆಮಾರಿನಲ್ಲಿ ಬೇಕಾದರೂ ಆ ಬರಹ ಬೇರೆಯಾಗಬಹುದು. ಅದೂ ಅಲ್ಲದೆ, ಕಡಿಮೆ ನೆಕ್ಕಿಸಿಕೊಂಡ ಮರಿಗಳನ್ನೇ ಹಾಲು ಬಿಟ್ಟ ಮೇಲೆ ಆಟಿಕೆ, ಸುರಂಗ, ಜೊತೆಗಾರರು ತುಂಬಿದ ಬೋನಿನಲ್ಲಿ ಬೆಳೆಸಿದಾಗ ಕಲಿಕೆಯಲ್ಲಿದ್ದ ಕೊರತೆ ಬಹಳಷ್ಟು ತುಂಬಿಕೊಂಡಿತು.

ನಡುಮಗ

ನಮ್ಮಮ್ಮ ಮೂರೂ ಮಕ್ಕಳನ್ನ ಒಂದೇ ಸಮ ನೆಕ್ಕಿದಳು. ಒಬ್ಬ ಇಂಜಿನಿಯರು, ಒಬ್ಬ ಕವಿ, ಇನ್ನೊಬ್ಬ ಇಲ್ಲಿ ಕಾಮೆಂಟ್ ಹಾಕ್ಕೊಂಡು ಕೂತಿದ್ದಾನೆ.

ಮರಳುಗಡಿಯಾರ

ಬಿಳಿಇಲಿ, ನನಗೆ ವಿರುದ್ಧವಾದ ಒಂದು ಪುರಾವೆಯನ್ನ ನಾನೇ ಕೊಟ್ಟುಬಿಡ್ತೀನಿ, ಬೇರೆಯವರು ತಂದು ಮುಖಕ್ಕೆ ಹಿಡಿಯುವ ಮುಂಚೆ.

ಪ್ರತಿ ಅಪ್ಪ ಅಮ್ಮನ ಜೀನುಗಳಲ್ಲಿ ಅರ್ಧ ಮಗುವಿಗೆ ಹೋಗುತ್ತೆ, ಅರ್ಧ ಅಲ್ಲೇ ಉಳಿಯುತ್ತೆ. ಉಳಿದ ಅರ್ಧಕ್ಕೂ ಮಗುವಿಗೂ ಮೈಯ ಸಂಬಂಧವೇ ಇಲ್ಲ. 2018ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಆ ದಾಟದೇ ಉಳಿದ ಅರ್ಧವನ್ನ ಹುಡುಕಿ, ಅದಕ್ಕೂ ಮಗು ಎಷ್ಟು ವರ್ಷ ಓದಿತು ಅನ್ನುವುದಕ್ಕೂ ನಂಟಿದೆಯಾ ಅಂತ ನೋಡಿದರು. ಇತ್ತು. ದಾಟಿದ ಅರ್ಧದ ಪರಿಣಾಮದ ಸುಮಾರು 30 ಪ್ರತಿಶತದಷ್ಟು. ಮಗುವಿನ ಮೈಯಲ್ಲೇ ಇಲ್ಲದ ಜೀನು ಮಗುವಿನ ಓದನ್ನ ಮುಟ್ಟಬೇಕಾದರೆ ಮುಖ್ಯ ದಾರಿ ಇದು: ಅಪ್ಪ ಅಮ್ಮ ಎಂಥವರು, ಮನೆಯನ್ನ ಹೇಗೆ ಇಟ್ಟಿದ್ದಾರೆ ಅನ್ನುವುದರ ಮೂಲಕ. (ಸಂಶೋಧಕರು ಇದಕ್ಕೆ "ಜೆನೆಟಿಕ್ ನರ್ಚರ್", ಅಂದರೆ ಜೀನು ಕಟ್ಟಿದ ಪೋಷಣೆ, ಅಂತ ಹೆಸರಿಟ್ಟರು.) ರಕ್ತವೋ ರೂಢಿಯೋ ಅನ್ನುವ ಪ್ರಶ್ನೆಯನ್ನೇ ಈ ಫಲಿತಾಂಶ ಸ್ವಲ್ಪ ಕೆಡಿಸಿಹಾಕುತ್ತೆ.

ಅವಳಿತಾಯಿ

ಮಕ್ಕಳು ಮಲಗಿದ ಮೇಲೆ ಇದನ್ನೆಲ್ಲ ಓದ್ತಿದ್ದೀನಿ. ಓದಿದಷ್ಟೂ ಎದೆ ಭಾರ. ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ, ಬಂದ ಮೇಲೆ ಮನೆ. ಅವಳಿಗಳಿಗೆ ಮೂರು ವರ್ಷ. ಬಡ ಮನೆಯ ಮಗು ನಾಲ್ಕು ವರ್ಷ ತುಂಬುವುದರೊಳಗೆ ಮೂರು ಕೋಟಿ ಮಾತು ಕಡಿಮೆ ಕೇಳಿಸಿಕೊಂಡಿರುತ್ತೆ, ಅದಕ್ಕೇ ಹಿಂದೆ ಬೀಳುತ್ತೆ ಅಂತ ಎಲ್ಲೋ ಓದಿದಾಗಿನಿಂದ ಮನೆಯಲ್ಲಿ ಬಾಯಿ ಮುಚ್ಚಿದರೆ ಅಪರಾಧ ಮಾಡಿದ ಹಾಗಾಗುತ್ತೆ. ಪಾತ್ರೆ ತೊಳೀತಾ "ಈಗ ಅಮ್ಮ ಲೋಟ ತೊಳೀತಿದ್ದಾಳೆ, ಈಗ ತಟ್ಟೆ ತೊಳೀತಿದ್ದಾಳೆ" ಅಂತ ರೇಡಿಯೊ ವೀಕ್ಷಕ ವಿವರಣೆ ಕೊಡ್ತೀನಿ. ಮಕ್ಕಳು ಕೇಳ್ತಾನೂ ಇರಲ್ಲ.

ಎರಡುಜಡೆ

ಅಯ್ಯೋ ತಾಯಿ, ಆ ವೀಕ್ಷಕ ವಿವರಣೆ ನಿಲ್ಲಿಸಿ ಮೊದಲು!

ಮೂರು ಕೋಟಿ ಮಾತಿನ ಲೆಕ್ಕ 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಕೊಟ್ಟದ್ದು. ಅವರು ನೋಡಿದ್ದು ಒಟ್ಟು 42 ಕುಟುಂಬ. ತೀರಾ ಬಡ ಕುಟುಂಬಗಳು ಅದರಲ್ಲಿ ಬೆರಳೆಣಿಕೆಯಷ್ಟು. ತಿಂಗಳಿಗೊಂದು ಗಂಟೆ ಧ್ವನಿಮುದ್ರಣ ಮಾಡಿ, ಗುಣಿಸಿ, ಮೂರು ಕೋಟಿ ಅಂದರು. ಅಪರಿಚಿತರು ಯಂತ್ರ ಹಿಡಿದು ಎದುರು ಕೂತರೆ ಯಾವ ಬಡತಾಯಿ ಬಾಯಿ ಬಿಡ್ತಾಳೆ ಹೇಳಿ? 2018ರಲ್ಲಿ ಡಗ್ಲಸ್ ಸ್ಪೆರಿ ತಂಡ ಬೇರೆ ಬೇರೆ ಸಮುದಾಯಗಳಲ್ಲಿ ಮತ್ತೆ ನೋಡಿದಾಗ ಅಷ್ಟು ದೊಡ್ಡ ಕಂದರ ಸಿಗಲಿಲ್ಲ. ಅಜ್ಜಿ, ಅಕ್ಕ, ಪಕ್ಕದವರ ಮಾತನ್ನೂ ಎಣಿಸಿದರೆ ಚಿತ್ರವೇ ಬೇರೆ. ಹಾಗಂತ ಮಗುವಿನ ಜೊತೆ ಆಡುವ ಮಾತು ಮುಖ್ಯ ಅಲ್ಲ ಅಂತಲ್ಲ, ಸ್ಪೆರಿಯವರಿಗೆ ಎದುರುತ್ತರ ಕೊಟ್ಟವರೂ ಇದ್ದಾರೆ.

ನನಗೆ ಇಷ್ಟವಾದದ್ದು ಅದೇ 2018ರ ಇನ್ನೊಂದು ಅಧ್ಯಯನ, ರೇಚಲ್ ರೋಮಿಯೊ ಅವರದು. ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನ ದಿನವಿಡೀ ರೆಕಾರ್ಡ್ ಮಾಡಿ, ಕಥೆ ಕೇಳುವಾಗ ಮಿದುಳಿನ ಚಿತ್ರ ತೆಗೆದರು. ಭಾಷೆಯ ಜಾಗ ಚುರುಕಾಗಿರುವುದಕ್ಕೂ ದೊಡ್ಡವರು ಒಟ್ಟು ಎಷ್ಟು ಮಾತಾಡಿದರು ಅನ್ನುವುದಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ಮಾತು ಎಷ್ಟು ಸಲ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಿಬಂತು ಅನ್ನುವುದಕ್ಕೆ. ಮನೆಯ ಹಣಕಾಸನ್ನ ಲೆಕ್ಕಕ್ಕೆ ತಗೊಂಡ ಮೇಲೂ ಅದು ಉಳಿಯಿತು. ನೀವು ಹತ್ತು ನಿಮಿಷ ಲೋಟದ ಬಗ್ಗೆ ಹೇಳುವ ಬದಲು ಮಗು "ಸೋಪು ಯಾಕೆ ಜಾರುತ್ತೆ" ಅಂದಾಗ "ನಿನಗೆ ಏನನ್ಸುತ್ತೆ" ಅಂತ ಕೇಳಿ, ಕಾದು, ಅದು ಹೇಳಿದ್ದಕ್ಕೆ ಮರುಮಾತು ಆಡಿದರೆ ಆಯ್ತು. ಕಾಯುವುದೇ ಕಷ್ಟ, ಅದು ನನಗೂ ಗೊತ್ತು.

ಹೊಸಮನೆ

ಅವಳಿತಾಯಿ, ನಿಮಗಾಗಿಯೇ ಲಾಗಿನ್ ಆದೆ.

ನಮ್ಮ ಮಗ ನಮ್ಮ ಮನೆಗೆ ಬಂದಾಗ ಅವನಿಗೆ ಮೂರೂವರೆ ವರ್ಷ. ಅದಕ್ಕೆ ಮುಂಚೆ ಒಂದು ಸಂಸ್ಥೆಯಲ್ಲಿದ್ದ. ಬಂದ ಹೊಸದರಲ್ಲಿ ಅವನು ಏನನ್ನೂ ಕೇಳುತ್ತಿರಲಿಲ್ಲ. ನೀರು ಬೇಕು ಅಂತಲೂ ಇಲ್ಲ. ಕೇಳಿದರೆ ಉತ್ತರ ಬರುತ್ತೆ ಅನ್ನುವ ಲೋಕವನ್ನೇ ಅವನು ಕಂಡಿರಲಿಲ್ಲ. ಮೊದಲ "ಯಾಕೆ" ಬರಲು ಏಳು ತಿಂಗಳು ಹಿಡಿಯಿತು. ಬಂದ ಮೇಲೆ ನಿಂತಿಲ್ಲ ಬಿಡಿ, ಈಗ ಹದಿಮೂರು ವರ್ಷ, ಪ್ರಾಣ ತಿನ್ನುತ್ತಾನೆ.

ಆ ದಿನಗಳಲ್ಲಿ ನಾನು ರಾತ್ರಿಯಿಡೀ ಓದುತ್ತಿದ್ದದ್ದು ಬುಕಾರೆಸ್ಟ್ ಅಧ್ಯಯನದ ಬಗ್ಗೆ. ರೊಮೇನಿಯಾದ ಅನಾಥಾಲಯಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು, ಉಳಿದವರು ಅಲ್ಲೇ ಎಂದಿನಂತೆ. ಮನೆ ಸಿಕ್ಕವರ ಬುದ್ಧಿಶಕ್ತಿ ಅಳತೆಯಲ್ಲಿ ಮುಂದೆ ಹೋಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರಿಗೆ ಹೆಚ್ಚು ಲಾಭ. ಈ ಎರಡು ವರ್ಷ ಅನ್ನುವ ಸಾಲು ಓದಿ ನಾನೆಷ್ಟು ಅತ್ತಿದ್ದೇನೆ ಅಂತ ನನಗೇ ಗೊತ್ತು. ನಾವು ಒಂದೂವರೆ ವರ್ಷ ತಡ ಮಾಡಿದ್ದೆವು, ಕಾಗದಪತ್ರ ಮುಗಿಯುವುದರಲ್ಲಿ.

ಆಮೇಲೆ ಸಿಕ್ಕಿದ್ದು ಸ್ವೀಡನ್ನಿನ 2015ರ ಅಧ್ಯಯನ. 436 ಜೋಡಿ ಅಣ್ಣತಮ್ಮಂದಿರು, ಒಬ್ಬ ಹೆತ್ತವರ ಬಳಿ, ಇನ್ನೊಬ್ಬ ಹೆಚ್ಚು ಓದಿದ ದತ್ತು ಮನೆಯಲ್ಲಿ. ಸೇನಾಭರ್ತಿ ಪರೀಕ್ಷೆಯ ವಯಸ್ಸಿಗೆ, ಅಂದರೆ ಹದಿನೆಂಟರ ಆಸುಪಾಸಿನಲ್ಲಿ, ದತ್ತು ಹೋದವನ ಐಕ್ಯೂ ಸರಾಸರಿ 4.4 ಅಂಕ ಮೇಲಿತ್ತು. ಮರಳುಗಡಿಯಾರ ಸರ್ ಇದನ್ನ ಚಿಕ್ಕದು ಅನ್ನಬಹುದು.

ಮರಳುಗಡಿಯಾರ

ಅನ್ನಲ್ಲ ಮೇಡಂ. ಹದಿನೆಂಟು ವರ್ಷಕ್ಕೂ ಉಳಿದ 4.4 ಅಂಕ ಚಿಕ್ಕದಲ್ಲ. ಅವಳಿ ಅಧ್ಯಯನಗಳಿಗೆ ಸಿಕ್ಕವರು ಬಹುಪಾಲು ನೆಟ್ಟಗಿರುವ ಮನೆಗಳವರು ಅನ್ನುವುದನ್ನ ನಾನು ಮೊದಲೇ ಹೇಳಬೇಕಿತ್ತು. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಟರ್ಕ್‌ಹೈಮರ್ ಬಡ ಕುಟುಂಬಗಳ ಅವಳಿಗಳನ್ನ ನೋಡಿದಾಗ ಜೀನಿನ ಪಾಲು ಹೆಚ್ಚುಕಡಿಮೆ ಮಾಯ, ಮನೆಯ ಪಾಲೇ ದೊಡ್ಡದು. (ಎಲ್ಲ ದೇಶಗಳಲ್ಲೂ ಹೀಗೆ ಕಂಡಿಲ್ಲ.) ಒಂದು ಮಟ್ಟದ ಮೇಲೆ ಮನೆ ಮನೆಗೆ ವ್ಯತ್ಯಾಸ ಹೆಚ್ಚೇನೂ ಮಾಡಲ್ಲ, ಅದರ ಕೆಳಗೆ ಎಲ್ಲವನ್ನೂ ಮಾಡುತ್ತೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಚಾಕ್‌ಪೀಸ್

ನಾನು ನಿವೃತ್ತ ಶಿಕ್ಷಕ. ಒಂದೇ ಮನೆಯ ಅಪ್ಪನಿಗೂ ಮಗನಿಗೂ ಪಾಠ ಮಾಡಿದ್ದೇನೆ, ಹತ್ತಾರು ಸಲ. ಅಪ್ಪ ಹುಡುಗನಾಗಿದ್ದಾಗ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ನಂತರ ಮಗ ಬಂದು, ನೋಡದೇ ಇದ್ದ ಅಪ್ಪನ ಬಾಲ್ಯವನ್ನ ಹಾಗೇ ಆಡಿ ತೋರಿಸುತ್ತಿದ್ದ. ಜಾಣತನ ಹೋಲುವುದಕ್ಕಿಂತ ಈ ಹಿಂಜರಿಕೆ ಹೋಲುವುದನ್ನೇ ನಾನು ಹೆಚ್ಚು ಕಂಡದ್ದು.

ಸರಪಳಿ ಎಲ್ಲೋ ಒಂದು ಕಡೆ ಬಿಚ್ಚಿಕೊಂಡದ್ದಕ್ಕೂ ಉದಾಹರಣೆಗಳಿವೆ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1986–87ರಲ್ಲಿ ಸ್ಯಾಲಿ ಗ್ರಾಂಥಮ್ ಮೆಗ್ರೆಗರ್ ತಂಡ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಪುಟ್ಟ ಮಕ್ಕಳನ್ನ ಆರಿಸಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಆರೋಗ್ಯ ಕಾರ್ಯಕರ್ತೆ ಹೋಗುತ್ತಿದ್ದಳು. ಮಗುವಿಗೆ ಪಾಠ ಹೇಳಲು ಅಲ್ಲ. ಬಿಸಾಕುವ ಸಾಮಾನಿನಿಂದ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಆಡುವುದನ್ನ ತಾಯಿಗೆ ರೂಢಿ ಮಾಡಿಸಲು. ಇಪ್ಪತ್ತು ವರ್ಷದ ನಂತರ ಹುಡುಕಿಕೊಂಡು ಹೋಗಿ ನೋಡಿದರೆ ಆ ಮಕ್ಕಳ ಗಳಿಕೆ ಉಳಿದವರಿಗಿಂತ 25 ಪ್ರತಿಶತ ಹೆಚ್ಚಿತ್ತು.

ಅಮೆರಿಕದ ಇಪ್ಸಿಲಾಂಟಿಯ ಪೆರಿ ಶಾಲೆಯದ್ದು ಇನ್ನೂ ಕುತೂಹಲ. 1962ರಲ್ಲಿ ಶುರುವಾದದ್ದು, 123 ಬಡ ಮಕ್ಕಳು, ಅವರಲ್ಲಿ ಅರ್ಧದಷ್ಟು ಮಂದಿಗೆ ಬೆಳಿಗ್ಗೆ ಶಿಶುವಿಹಾರ, ವಾರಕ್ಕೊಮ್ಮೆ ಟೀಚರು ಮನೆಗೆ. ಮೊದಮೊದಲು ಐಕ್ಯೂ ಏರಿತು, ಕೆಲವೇ ವರ್ಷಗಳಲ್ಲಿ ಆ ಏರಿಕೆ ಕರಗಿಹೋಯಿತು. ಯೋಜನೆ ಸೋತಿತು ಅಂದರು ಜನ. ಆದರೆ ಅವರು ದೊಡ್ಡವರಾದಾಗ ಕೆಲಸದಲ್ಲಿ ನಿಂತರು, ಅಪರಾಧಕ್ಕೆ ಕಡಿಮೆ ಹೋದರು. 2019ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್, ಹೀಗೆ ಆ ಶಿಶುವಿಹಾರದಲ್ಲಿ ಬೆಳೆದವರಿಗೆ ಹುಟ್ಟಿದ ಮಕ್ಕಳನ್ನೂ ನೋಡಿದರು. ಆ ಮಕ್ಕಳು ಶಾಲೆಯಿಂದ ಅಮಾನತಾಗುವುದು ಕಡಿಮೆ, ಮುಂದೆ ಉದ್ಯೋಗದಲ್ಲಿರುವುದು ಹೆಚ್ಚು. ಎರಡನೇ ತಲೆಮಾರಿಗೆ ಯಾರೂ ಏನೂ ಮಾಡಿರಲಿಲ್ಲ, ಮನೆ ಬದಲಾಗಿತ್ತು ಅಷ್ಟೆ. ನಾವು ಅಂಕದ ಕೋಲು ಹಿಡಿದು ಅಳೆಯುತ್ತಿದ್ದಾಗ ವಸ್ತು ಬೇರೆಲ್ಲೋ ಬೆಳೆಯುತ್ತಿತ್ತು.

ಪೆನ್ಸಿಲ್‌ಮೊನೆ, ನಿಮ್ಮ ಮಗಳ 35ರ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಮಾತಾಡಲಿಲ್ಲ ಅನ್ನುವುದು ನನಗೆ ಆಶ್ಚರ್ಯ. ಅವಳು ಸಿಕ್ಕಿದ್ದನ್ನ ಬರೆದಿಲ್ಲಪ್ಪ. 5ರಲ್ಲಿ 2 ಹೋದರೆ 3. 7ರಲ್ಲಿ 2 ಹೋದರೆ 5. ನಾಲ್ಕು ಸಲವೂ ಒಂದೇ ಉತ್ತರ ಬಂದಿದೆ ಅಂದರೆ ಅವಳ ತಲೆಯಲ್ಲಿ ಒಂದು ನಿಯಮ ಇದೆ, ಅದನ್ನ ನಿಷ್ಠೆಯಿಂದ ಪಾಲಿಸುತ್ತಿದ್ದಾಳೆ. ಇದು ಲೋಕದ ಎಲ್ಲ ಮಕ್ಕಳೂ ಮಾಡುವ ತಪ್ಪು. 1978ರಲ್ಲೇ ಬ್ರೌನ್ ಮತ್ತು ಬರ್ಟನ್ ಅನ್ನುವವರು ಇಂಥ ತಪ್ಪುಗಳ ಪಟ್ಟಿಯನ್ನೇ ಮಾಡಿದ್ದಾರೆ. ನೀವು ಮೂರು ಸಲ "ಹೇಳಿದ್ದೀರಿ". ಒಂದು ಸಲ ಕೇಳಿ.

ಅವಳಿತಾಯಿ

ಮೇಷ್ಟ್ರೇ, ನೀವು ನಮಗೆ ಯಾಕೆ ಸಿಗಲಿಲ್ಲ.

ಬಿಳಿಇಲಿ

ಒಂದು ಸಣ್ಣ ಸೇರ್ಪಡೆ, ಬೈದು ಕೊರಗುತ್ತಿರುವ ಎಲ್ಲರಿಗೂ. ಎಡ್ವರ್ಡ್ ಟ್ರಾನಿಕ್ ಅನ್ನುವವರು 1970ರ ದಶಕದಿಂದ ತಾಯಿ ಕೂಸುಗಳ ಮುಖ ನೋಡಿಕೊಂಡೇ ಬಂದವರು. ತಾಯಿ ಎರಡು ನಿಮಿಷ ಮುಖ ಕಲ್ಲು ಮಾಡಿಕೊಂಡರೆ ಕೂಸು ಹೇಗೆ ಕಂಗಾಲಾಗುತ್ತೆ ಅಂತ ತೋರಿಸಿದವರು ಅವರೇ. ಆದರೆ ಚೆನ್ನಾಗಿರುವ ಜೋಡಿಗಳಲ್ಲೂ ತಾಳ ಕೂಡುವುದು ಹೊತ್ತಿನ ಮೂರನೇ ಒಂದು ಪಾಲು ಮಾತ್ರ ಅಂತ ಹೇಳಿದವರೂ ಅವರೇ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು.

ಪೆನ್ಸಿಲ್‌ಮೊನೆ

ಎರಡು ದಿನ ತಡವಾಗಿ ಬಂದೆ, ಕ್ಷಮಿಸಿ. ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ.

ಮೇಷ್ಟ್ರು ಹೇಳಿದ ಹಾಗೆ ಕೇಳಿದೆ. "35 ಹೇಗೆ ಬಂತು ಮಗಳೇ, ನನಗೆ ಹೇಳಿಕೊಡು." ಮೊದಲು ನನ್ನ ಮುಖ ನೋಡಿದಳು, ಇದು ಬೈಯ್ಯುವುದಕ್ಕೆ ಪೀಠಿಕೆಯೋ ಅಂತ. ಆಮೇಲೆ ಹೇಳಿದಳು: "ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ನೀನೇ ಹೇಳಿದ್ದಲ್ಲಪ್ಪ, ಒಂದನೇ ಕ್ಲಾಸಲ್ಲಿ."

ಹೌದು, ಹೇಳಿದ್ದೆ. ನನಗೆ ಹಾಗಂತ ಹೇಳಿಕೊಟ್ಟವರು ನಮ್ಮಪ್ಪ.

ಅಪ್ಪನಿಗೆ ಫೋನ್ ಮಾಡಿ ಈ 35ರ ವಿಷಯ ಹೇಳಿದೆ, ಪೆನ್ಸಿಲ್ ವಿಷಯ ಹೇಳಲಿಲ್ಲ. ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು "ಜಾಸ್ತಿ ಬೈಬೇಡ ಅವಳಿಗೆ" ಅಂದು ಫೋನಿಟ್ಟರು.

ಕಡ್ಡಿ ಕಟ್ಟುಗಳನ್ನ ಇಟ್ಟುಕೊಂಡು, ಒಂದು ಹತ್ತರ ಕಟ್ಟು ಬಿಚ್ಚಿ, ಎರಡಕ್ಕೆ ಸೇರಿಸಿ ಹನ್ನೆರಡು ಮಾಡಿ ನೋಡಿದ್ದಾಯ್ತು. 25 ಬಂತು. ಮುಂದಿನ ಲೆಕ್ಕದಲ್ಲಿ ಮತ್ತೆ ಹಳೇ ನಿಯಮಕ್ಕೇ ಹೋದಳು. ನನ್ನ ಕೈ ತಾನಾಗೇ ಪೆನ್ಸಿಲ್ ಕಡೆ ಹೋಯಿತು, ನಿಜ ಹೇಳ್ತೀನಿ. ಅವಳು ನೋಡಿದಳು. ಪೆನ್ಸಿಲನ್ನ ತೆಗೆದು ಮೇಜಿನ ಆ ತುದಿಗೆ, ನನ್ನ ಕೈಗೆ ಸಿಗದಷ್ಟು ದೂರ ಇಟ್ಟಳು. "ಈಗ ಕೇಳು" ಅಂದಳು.

ನಡುಮಗ

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ ಅಣ್ಣಾ.